ಆರನೆಯವನನ್ನು ಮಗುವೇ ಕಂಡುಹಿಡಿಯಲಿ

ಮೇಡಂ, ನಿಮ್ಮ ತರಗತಿಯ ಮಕ್ಕಳಿಗಾಗಿ ಬರೆದು ನೀವು ನಿನ್ನೆ ಗುಂಪಿಗೆ ಹಾಕಿದ ಗಾಂಪರ (ಪೆದ್ದರ) ಕತೆಯ ಎರಡು ಚಿತ್ರಪುಟಗಳನ್ನು ನೋಡಿದೆ. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಒಬ್ಬನು ತನ್ನನ್ನು ಬಿಟ್ಟು ಎಣಿಸುತ್ತಿರುವ ಚೌಕಟ್ಟಿನ ಮೇಲೆಯೇ ‘ಮೂರ್ಖನು ತನ್ನನ್ನೇ ಎಣಿಸಲು ಮರೆತನು’ ಎಂದು ಬರೆದಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಕತೆಯಲ್ಲಿ, ಇದೇ ಜಾಗದಲ್ಲಿ, ಹೆಚ್ಚುಕಡಿಮೆ ಇದೇ ವಾಕ್ಯವನ್ನು ಬರೆದಿದ್ದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ.

ದಾವಣಗೆರೆ ಸಮೀಪದ ನಮ್ಮ ಶಾಲೆಯ ಎರಡನೆಯ ತರಗತಿಯಲ್ಲಿ ಆ ಪುಸ್ತಿಕೆಯನ್ನು ಹಂಚಿದ ದಿನ ಒಂದು ಮಗುವೂ ನಗಲಿಲ್ಲ. ಎಲ್ಲರೂ ಆ ವಾಕ್ಯವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು, ಚಿತ್ರವನ್ನು ನೋಡದೆ ಪುಟ ತಿರುವಿದರು. ಮಾರನೆಯ ದಿನ ಆ ವಾಕ್ಯದ ಮೇಲೆ ಬಿಳಿ ಕಾಗದ ಅಂಟಿಸಿ, ‘ಒಂಬತ್ತೇ ಜನ!’ ಎಂಬ ಮಾತನ್ನಷ್ಟೇ ಉಳಿಸಿ ಮತ್ತೆ ಕೊಟ್ಟೆ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಚಿತ್ರದ ಮೇಲೆ ಬೆರಳಿಟ್ಟು ಎಣಿಸಿ, ‘ಹತ್ತೂ ಮಂದಿ ಅದಾರಲ್ಲ ಸಾರ್!’ ಎಂದು ಕೂಗಿದಳು. ಆಮೇಲೆ ಇಡೀ ತರಗತಿ ಎಣಿಸಿತು, ನಕ್ಕಿತು, ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿತು. ಪೆದ್ದರ ಕತೆಯ ಚಿತ್ರಪುಟದಲ್ಲಿ ಮಾತು ತಪ್ಪು ಹೇಳಬೇಕು, ಚಿತ್ರ ಸರಿ ಹೇಳಬೇಕು. ನಡುವಿನ ಅಂತರವನ್ನು ಮಗುವೇ ಹಿಡಿಯಬೇಕು. ಈ ಕತೆಯನ್ನೇ ವಿದ್ಯಾರಣ್ಯರು ‘ಪಂಚದಶಿ’ಯಲ್ಲಿ ವೇದಾಂತದ ದೃಷ್ಟಾಂತವಾಗಿ ಬಳಸಿದ್ದಾರೆ. ಅಲ್ಲಿ ‘ಹತ್ತನೆಯವನು ನೀನೇ’ ಎಂದು ತಿಳಿದವನೊಬ್ಬನು ಹೇಳಿಕೊಡುತ್ತಾನೆ. ನಮ್ಮ ಪುಸ್ತಿಕೆಯಲ್ಲಿ ಆ ತಿಳಿದವನ ಜಾಗವನ್ನು ಓದುವ ಮಗುವಿಗೆ ಬಿಟ್ಟುಕೊಡಿ.

ಇನ್ನೊಂದು ತೊಡಕೆಂದರೆ ಹತ್ತು ಎಂಬ ಸಂಖ್ಯೆ. ಒಂದೇ ಚೌಕಟ್ಟಿನಲ್ಲಿ ಹತ್ತು ಮುಖಗಳನ್ನು ಬರೆದರೆ ಮಗು ಎಣಿಕೆ ತಪ್ಪುತ್ತದೆ, ಆಗ ನಗೆಯೂ ತಪ್ಪುತ್ತದೆ. ಮೇಲಾಗಿ ಒಂಬತ್ತು, ಹತ್ತು ಎರಡರಲ್ಲೂ ಒತ್ತಕ್ಷರಗಳಿವೆ. ನಾನು ಈಗ ಆರು ಮಂದಿಯನ್ನು ಬರೆದು ಐದೆಂದು ಎಣಿಸುತ್ತೇನೆ, ಏಕೆಂದರೆ ಐದು, ಆರು ಎಂಬ ಪದಗಳಲ್ಲಿ ಒತ್ತಿಲ್ಲ. ನಡುವೆ ‘ನಾಲ್ಕು’ ಬರುವುದರಿಂದ ಎಣಿಸುವ ಮಾತುಗಳನ್ನು ಅಂಕಿಗಳಲ್ಲೇ ಹಾಕಿ, ಕೊನೆಯ ‘ನಾವು ಐದೇ ಜನ!’ ಎಂಬುದನ್ನು ಮಾತ್ರ ಅಕ್ಷರದಲ್ಲಿ ಬರೆಯುತ್ತೇನೆ. ಆರು ಜನರನ್ನು ಬರೆಯುವುದೂ ಕಷ್ಟವೆನಿಸಿದರೆ, ನಸ್ರುದ್ದೀನನು ತಾನು ಕುಳಿತ ಕತ್ತೆಯನ್ನು ಬಿಟ್ಟು ಉಳಿದ ಕತ್ತೆಗಳನ್ನು ಎಣಿಸುವ ಕತೆಯನ್ನು ತೆಗೆದುಕೊಳ್ಳಿ.

ದಾರಿಹೋಕನು ಒಬ್ಬೊಬ್ಬರಿಗೂ ಒಂದೊಂದು ಏಟು ಹಾಕಿ ಲೆಕ್ಕ ಸರಿಪಡಿಸುವ ಮುಕ್ತಾಯವನ್ನು ದಯವಿಟ್ಟು ಬಿಡಿ. ಎಣಿಕೆ ತಪ್ಪಿದವರಿಗೆ ಏಟು ಎಂಬುದು ತರಗತಿಯಲ್ಲಿ ನಗುವ ವಿಷಯವಲ್ಲ. ನನ್ನ ಪುಸ್ತಿಕೆಯಲ್ಲಿ ಅವರು ಹರಿಹರದ ಬಳಿ ತುಂಗಭದ್ರೆ ದಾಟಿ, ಒಬ್ಬ ಮುಳುಗಿಹೋದನೆಂದು ಅಳುತ್ತಲೇ ದಾವಣಗೆರೆಗೆ ಬಂದು, ಬೆಣ್ಣೆದೋಸೆ ಅಂಗಡಿಯಲ್ಲಿ ‘ಐದು ದೋಸೆ ಕೊಡಿ’ ಎನ್ನುತ್ತಾರೆ. ಮುಂದಿನ ಚೌಕಟ್ಟಿನಲ್ಲಿ ಐವರ ಎಲೆಯಲ್ಲಿ ದೋಸೆಯಿದೆ, ಆರನೆಯವನ ಎಲೆ ಖಾಲಿಯಿದೆ, ಅವನು ‘ನನಗೆ?’ ಎನ್ನುತ್ತಾನೆ. ಅಲ್ಲಿ ಬೇರೆ ಒಂದಕ್ಷರವೂ ಇಲ್ಲ.

ಕಾಗುಣಿತಕ್ಕೆ ಇನ್ನೂ ಬಾರದ ಮಕ್ಕಳಿಗೆ, ಕುಳಿತ ಕೊಂಬೆಯನ್ನೇ ಕೊಯ್ಯುವವನ ಕತೆ ಹೆಚ್ಚು ಒದಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯ ಮೊದಲ ಹತ್ತು ಅಕ್ಷರಗಳಾದ ರ ಗ ಸ ದ ಅ, ಜ ವ ಮ ಬ ನ ಇಷ್ಟರಲ್ಲೇ ಅದನ್ನು ಮುಗಿಸಬಹುದು: ‘ಅರಸ. ಮರ. ಗರಗಸ. ಗರ ಗರ ಗರ.’ ಕೆಳಗೆ ನಿಂತ ಜನ ‘ಅರಸ! ಅರಸ!’ ಎಂದು ಕೂಗುತ್ತಾರೆ, ಆಮೇಲೆ ‘ದಬ!’ ಎಂಬ ಸದ್ದು. ‘ಢಮಾರ್’, ‘ಧೊಪ್’ ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ, ಮಹಾಪ್ರಾಣವೂ ಅರ್ಧಾಕ್ಷರವೂ ಆ ಹಂತದ ಮಗುವನ್ನು ನಗೆಯ ತುದಿಯಲ್ಲೇ ಎಡವಿಸುತ್ತವೆ. ಅಗಸ, ಬಸವ ಎಂಬ ಪದಗಳೂ ಇದೇ ಅಕ್ಷರಗಳಲ್ಲಿ ಸಿಗುತ್ತವೆ. ಆದರೆ ಒಂದು ಕಸುಬಿನ ಜನರನ್ನಾಗಲಿ, ನಮ್ಮ ಕಡೆ ಮನೆಮನೆಯಲ್ಲಿ ಗೌರವದಿಂದ ಇಡುವ ಹೆಸರನ್ನಾಗಲಿ ಪೆದ್ದನಿಗೆ ಅಂಟಿಸುವುದು ತಪ್ಪು. ನೀವು ಬಳಸಿರುವ ‘ದಡ್ಡ’ ಎಂಬ ಪದವನ್ನೂ ತೆಗೆದುಹಾಕಿ. ನನ್ನ ಮೊದಲ ಪುಸ್ತಿಕೆಯಿಂದ ಆ ಪದ ಹೊರಬಂದು, ನಿಧಾನವಾಗಿ ಓದುತ್ತಿದ್ದ ಹುಡುಗನೊಬ್ಬನಿಗೆ ವಾರದೊಳಗೆ ಅಡ್ಡಹೆಸರಾಯಿತು. ಅದನ್ನು ಬಿಡಿಸಲು ನನಗೆ ಆ ವರ್ಷವೆಲ್ಲ ಹಿಡಿಯಿತು.

ಅಕ್ಷರವನ್ನು ಕೈಯಲ್ಲಿ ಬರೆಯುತ್ತಿರುವುದು ಒಳ್ಳೆಯದು, ಆದರೆ ನಿಮ್ಮ ಪ ಮತ್ತು ಷ ಒಂದೇ ರೀತಿ ಕಾಣುತ್ತಿವೆ. ಸಾಲುಗಳ ನಡುವೆ ಇನ್ನಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೊದಲು ಮಾತನಾಡುವವನನ್ನು ಎಡಕ್ಕೆ ನಿಲ್ಲಿಸಿ, ಅವನ ಮಾತಿನ ಬಲೂನನ್ನು ತುಸು ಮೇಲಿಡಿ. ಪದವನ್ನು ಮುರಿದು ಮುಂದಿನ ಸಾಲಿಗೆ ಒಯ್ಯಬೇಡಿ. ದುಬಾರಿ ಪೆನ್ನುಗಳ ಅಗತ್ಯವಿಲ್ಲ. ಅಪ್ಸರಾ ಪೆನ್ಸಿಲು, ಕ್ಯಾಮ್ಲಿನ್ ಕಪ್ಪು ಇಂಕು ನನಗೆ ಇಂದಿಗೂ ಸಾಕಾಗಿವೆ. ಆದರೆ ಇಂಕನ್ನು ಈಗಲೇ ಹಾಕಬೇಡಿ. ಆ ವಾಕ್ಯವನ್ನು ಅಳಿಸಿದ ಪೆನ್ಸಿಲ್ ಪುಟವನ್ನು ಮೊದಲು ನಿಮ್ಮ ತರಗತಿಯ ಒಂದು ಮಗುವಿಗೆ ಕೊಟ್ಟು, ಏನನ್ನೂ ಹೇಳದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗು ತಾನಾಗಿಯೇ ಬೆರಳಿಟ್ಟು ಎಣಿಸತೊಡಗಿದರೆ ಇಂಕು ಹಾಕಿ.