ಗೂಡಿನ ತೆರೆಗೆ ವಾರ್ನಿಷ್ ಬೇಕೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬಿಚ್ಚಾಣಿಕೆಗೆ ಬಾರದ, ಕಲೆಬಿದ್ದ ಹಳದಿ ಗೂಡುಗಳನ್ನು ದಾರಗಳಲ್ಲಿ ಪೋಣಿಸಿ ಐದು ಅಡಿ ಎತ್ತರದ ತೆರೆಯೊಂದನ್ನು ಮಾಡಿದ್ದೇನೆ. ಮೂರೇ ತಿಂಗಳಲ್ಲಿ ಪುಡಿ ಉದುರುತ್ತಿದೆ, ಮೈತುಂಬ ಕೂದಲಿರುವ ಸಣ್ಣ ಹುಳುಗಳು ಕಾಣುತ್ತಿವೆ, ಬಣ್ಣವೂ ಮಾಸುತ್ತಿದೆ. ವಾರ್ನಿಷ್ ಬಳಿಯಲೇ? ಇದು ಕರಕುಶಲವೇ ಹೊರತು ಕಲೆಯಲ್ಲ ಎನ್ನುವವರಿಗೆ ಏನು ಹೇಳಲಿ?

ಉತ್ತರ: ದಯವಿಟ್ಟು ವಾರ್ನಿಷ್ ಬಳಿಯಬೇಡಿ. ಅದನ್ನು ಗೂಡು ಹೀರಿಕೊಂಡು ಬಿರುಸಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ, ಒಳಗಿನ ಹುಳುಗಳು ಒಳಗೇ ಉಳಿಯುತ್ತವೆ. ಅವು ಬಂದಿರುವುದು ಬಹುಮಟ್ಟಿಗೆ ಗೂಡಿನೊಳಗೆ ಸತ್ತು ಒಣಗಿರುವ ಕೋಶದ (ಗೂಡು ಕಟ್ಟಿಕೊಂಡ ರೇಷ್ಮೆಹುಳುವಿನ ಪ್ಯೂಪಾ) ಆಸೆಗೆ; ಅದು ಮುಗಿದರೆ ರೇಷ್ಮೆಯನ್ನೂ ತಿನ್ನುತ್ತವೆ. ಆದ್ದರಿಂದ ತೆರೆಯನ್ನು ಒಂದೊಂದು ದಾರವಾಗಿ ಬಿಚ್ಚಿ, ಪ್ರತಿ ಗೂಡಿನ ಒಂದು ತುದಿಯನ್ನು ಸಣ್ಣಗೆ ಕತ್ತರಿಸಿ ಕೋಶವನ್ನು ಹೊರತೆಗೆಯಿರಿ. ಬಳಿಕ ಗಾಳಿಯಾಡದಂತೆ ಪಾಲಿಥೀನ್ ಚೀಲದಲ್ಲಿ ಕಟ್ಟಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿರುವ ಗೂಡಿನ ಮೇಲೆ ನೀರಹನಿ ಕೂರುತ್ತದೆ. ಬಿಸಿನೀರಿನಲ್ಲಿ ಎಳೆ ಬಿಚ್ಚಿಕೊಳ್ಳುವುದರಿಂದ ಅದರಲ್ಲಿ ತೊಳೆಯಬಾರದೆಂದು ಬಿಚ್ಚುವ ಮನೆಯವರಾದ ನಿಮಗೆ ಹೇಳಬೇಕಿಲ್ಲ.

ಹಳದಿ ಬಣ್ಣ ಹಿಪ್ಪುನೇರಳೆ ಸೊಪ್ಪಿನಿಂದ ರೇಷ್ಮೆಹುಳುವಿಗೆ ಬಂದು, ಎಳೆಯ ಮೇಲಿನ ಅಂಟಿನಲ್ಲಿ ನೆಲೆಸಿರುತ್ತದೆ. ಬಿಸಿಲಿಗೆ ಅದು ಮಾಸಿಯೇ ತೀರುತ್ತದೆ. ಕಿಟಕಿಯಿಂದ ದೂರ ತೂಗುಹಾಕಿ.

ಎರಡನೆಯ ಪ್ರಶ್ನೆಗೆ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕಲಾವಿದೆ ಶೀಲಾ ಗೌಡರ ಕೃತಿಗಳೇ ಒಳ್ಳೆಯ ಉತ್ತರವೆಂದು ನಾನು ಭಾವಿಸುತ್ತೇನೆ. ಚಿತ್ರಕಲೆಯಲ್ಲಿ ತರಬೇತಿ ಪಡೆದ ಅವರು 1990ರ ದಶಕದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಉದ್ದನೆಯ ದಾರಗಳನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಅಂಟು ಮತ್ತು ಕುಂಕುಮದಿಂದ ಒಟ್ಟುಗೂಡಿಸಿ, ಕೆಂಪು ಹಗ್ಗವಾಗಿಸಿದರು. ಆ ಹಗ್ಗದ ತುದಿಯಲ್ಲಿ ಸೂಜಿಗಳು ಹಾಗೆಯೇ ಜೋತುಬಿದ್ದಿರುತ್ತವೆ, ನೋಡುವವರ ಕಣ್ಣು ಅಲ್ಲಿಯೇ ನಿಲ್ಲುತ್ತದೆ. 2009ರ ಅವರ ಕೃತಿಯೊಂದರಲ್ಲಿ, ಹರಕೆಯ ಮುಡಿಯ ಕೂದಲಿನಿಂದ ಹೆಣೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ ಇಪ್ಪತ್ತರಷ್ಟು ಕಾರಿನ ಬಂಪರ್‌ಗಳನ್ನು ಎತ್ತಿ ಹಿಡಿದಿದೆ. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲ ಹಗ್ಗ ಕಟ್ಟುವುದನ್ನು ನೋಡಿ ಬೆಳೆದ ನಮಗೆ ಆ ಭಾರ ವಿವರಿಸದೆಯೇ ತಿಳಿಯುತ್ತದೆ. ಅಲ್ಲಿ ಕೂದಲಿನ ಬದಲು ನೈಲಾನ್ ಹಾಕಿದರೆ ಕೃತಿಯೇ ಉಳಿಯುವುದಿಲ್ಲ.

ನಿಮ್ಮ ತೆರೆಯನ್ನೂ ಇದೇ ರೀತಿ ಪರೀಕ್ಷಿಸಿ. ಗೂಡಿನ ಜಾಗದಲ್ಲಿ ಬಿಳಿ ಮಣಿಗಳಿದ್ದರೂ ಅದು ಅಷ್ಟೇ ಚೆನ್ನಾಗಿ ಕಾಣುವುದಾದರೆ, ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ. ಕಳಿಸಿರುವ ಚಿತ್ರದಲ್ಲಿ ಕಲೆಬಿದ್ದ ಬದಿಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿದ್ದೀರಿ. ಒಳಗಿನ ರೇಷ್ಮೆಹುಳು ಸತ್ತು ಒಸರಿದಾಗ ಮೂಡಿದ ಆ ಕಂದು ಗುರುತಿನಿಂದಲೇ ಬಿಚ್ಚುವ ಮನೆಯಲ್ಲಿ ಅವು ಬೇಡವಾದವು, ಅದರಿಂದಲೇ ನಿಮ್ಮ ಕೈಸೇರಿದವು. ಮತ್ತೆ ಪೋಣಿಸುವಾಗ ಆ ಬದಿಯನ್ನು ನೋಡುಗರ ಕಡೆಗೆ ತಿರುಗಿಸಿ, ಕೋಶ ತೆಗೆದ ಕೊಯ್ತವನ್ನೂ ಮುಚ್ಚದೆ ಬಿಡಿ.