ಬಿಳಿ ಪುಡಿ, ನೀಲಿ ದೀಪ, ಹಳದಿ ಹಲ್ಲು

ಪ್ರಶ್ನೆ: ಕಾಫಿಯಿಂದ ಹಲ್ಲು ಹಳದಿಗಟ್ಟಿದೆ. ಟೈಟಾನಿಯಂ ಡೈಆಕ್ಸೈಡ್ ಬೆರೆತ ಜೆಲ್ ಹಚ್ಚಿ, ನೀಲಿ ದೀಪ ಹಿಡಿದು ಬೆಳ್ಳಗೆ ಮಾಡುತ್ತಾರಂತೆ. ನನ್ನ ಟೂತ್‌ಪೇಸ್ಟಿನಲ್ಲೂ ಅದೇ ಹೆಸರಿದೆ. ಪೇಸ್ಟ್ ಹಚ್ಚಿ ಆನ್‌ಲೈನಿನಲ್ಲಿ ಸಿಗುವ ದೀಪ ಹಿಡಿದರೆ ಸಾಲದೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಸಾಲದು. ಪೇಸ್ಟಿಗೆ ಅದನ್ನು ಹಾಕುವುದು ಬಣ್ಣಕ್ಕೆ. ಆ ಪುಡಿ ಬೆಳ್ಳಗೆ ಕಾಣುವುದೇ ಕಣ್ಣಿಗೆ ಕಾಣುವ ಬೆಳಕನ್ನು ಹೀರದೆ ವಾಪಸ್ ಕಳಿಸುವುದರಿಂದ. ಹೀರದ ಬೆಳಕಿನಿಂದ ಕೆಲಸವಾಗದು. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಹರಳು ರೂಪ ಚುರುಕಾಗಲು ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಅತಿನೇರಳೆ ಬೇಕು. ಅದು ತುಟಿ, ವಸಡು, ಕಣ್ಣಿಗೆ ಕೆಟ್ಟದ್ದು. ಕ್ಲಿನಿಕ್ಕಿನ ನೀಲಿ ದೀಪ ಸಾಮಾನ್ಯವಾಗಿ 450–470ರ ಆಸುಪಾಸಿನದು. ಅದಕ್ಕೇ ಪುಡಿಗೆ ನೈಟ್ರೋಜನ್ ಸೇರಿಸುತ್ತಾರೆ. ಆಗ ಪುಡಿ ತಿಳಿಹಳದಿಯಾಗುತ್ತದೆ. ನೀಲಿ ಬೆಳಕನ್ನು ಹೀರುತ್ತಿದೆ ಎಂಬುದಕ್ಕೆ ಆ ಹಳದಿಯೇ ಗುರುತು.

ಪುಡಿಯೊಂದೇ ಕಲೆ ತೆಗೆಯದು. ಜೊತೆಗಿರುವ ಹೈಡ್ರೋಜನ್ ಪೆರಾಕ್ಸೈಡಿನಿಂದ ಹೆಚ್ಚು ಹೈಡ್ರಾಕ್ಸಿಲ್ ರ‍್ಯಾಡಿಕಲ್ (ಸಿಕ್ಕ ಅಣುವಿನ ಮೇಲೆ ತಕ್ಷಣ ಎರಗುವ ಚುರುಕು ಕಣ) ಹುಟ್ಟಿಸುವುದು ಅದರ ಕೆಲಸ. ಕಲೆಯ ಅಣುಗಳನ್ನು ಒಡೆಯುವುದು ಆ ರ‍್ಯಾಡಿಕಲ್. ಸಾಮಾನ್ಯ ಕ್ಲಿನಿಕ್ ಜೆಲ್‌ನಲ್ಲಿ ಪೆರಾಕ್ಸೈಡ್ 35% ಇದ್ದರೆ, ಜಪಾನಿನಲ್ಲಿ 3.5%ರ ಜೆಲ್ ಬಳಕೆಗೆ ಬಂದದ್ದು ಈ ಪುಡಿಯ ಬಲದಿಂದ. ಪೆರಾಕ್ಸೈಡ್ ಕಡಿಮೆಯಾದಷ್ಟೂ ವಸಡು ಸುಡುವ, ಹಲ್ಲು ಜುಂ ಎನ್ನುವ ಭಯ ಕಡಿಮೆ. ನಮ್ಮ ಮಟ್ಟಿಗೆ ಈ ವಿಧಾನದ ನಿಜವಾದ ಲಾಭ ಇದೇ.

ಮೊದಲು ಹಲ್ಲು ಕ್ಲೀನ್ ಮಾಡಿಸಿ, ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಪಟ್ಟಿ) ಹಿಡಿದು ಬಣ್ಣ ಬರೆದಿಡಬೇಕು. ವಸಡಿನ ಅಂಚಿಗೆ ರಕ್ಷಣೆಯ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು), ಕಣ್ಣಿಗೆ ಕಿತ್ತಳೆ ಕನ್ನಡಕ. ಜೆಲ್ 1–2 ಮಿ.ಮೀ. ಮಾತ್ರ. ದಪ್ಪಗೆ ಮೆತ್ತಿದರೆ ಮೇಲಿನ ಪುಡಿಯೇ ಬೆಳಕನ್ನು ತಡೆಯುತ್ತದೆ; ರ‍್ಯಾಡಿಕಲ್ಲಿನ ಆಯುಸ್ಸು ನ್ಯಾನೊಸೆಕೆಂಡುಗಳಷ್ಟೇ, ಮೇಲೆ ಹುಟ್ಟಿದ್ದು ಹಲ್ಲು ಮುಟ್ಟುವ ಮೊದಲೇ ಸಾಯುತ್ತದೆ. ಕೆಲಸ ಮುಗಿದ ಕೂಡಲೇ ಕನ್ನಡಿ ನೋಡಿ ಹಿಗ್ಗಬೇಡಿ. ಬಾಯಿ ತೆರೆದೇ ಇದ್ದು ಒಣಗಿದ ಹಲ್ಲು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ನಿಜವಾದ ಬಣ್ಣ ತಿಳಿಯುವುದು ಒಂದೆರಡು ವಾರದ ನಂತರ. ಮೊದಲ 48 ಗಂಟೆ ಕಾಫಿ, ಅರಿಸಿನದ ಸಾರು, ಎಲೆ-ಅಡಿಕೆ ಬೇಡ.

ಕ್ಲಿನಿಕ್ಕಿನಲ್ಲಿ ಎರಡು ಮಾತು ಕೇಳಿ: ದೀಪದ ತರಂಗಾಂತರ ಎಷ್ಟು, ಜೆಲ್‌ನ ಪುಡಿ ಅದಕ್ಕೆ ಹೊಂದುವಂಥದ್ದೇ?

ಪ್ರಶ್ನೆ: ಮುಂದಿನ ಹಲ್ಲಿಗೆ ಫಿಲ್ಲಿಂಗ್ ಇದೆ. ಅದೂ ಬೆಳ್ಳಗಾಗುತ್ತದೆಯೇ?
(ಓದುಗರೊಬ್ಬರು, ಶಿರಸಿ)

ಉತ್ತರ: ಇಲ್ಲ, ಕ್ಯಾಪ್ ಕೂಡ ಇಲ್ಲ. ಮೊದಲು ಹಲ್ಲು ಬಿಳಿ ಮಾಡಿಸಿ, ಎರಡು ವಾರ ಬಿಟ್ಟು ಹೊಸ ಬಣ್ಣಕ್ಕೆ ಹೊಂದುವ ಫಿಲ್ಲಿಂಗ್ ಹಾಕಿಸಿ. ಅವಸರಪಟ್ಟರೆ ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಉಳಿದ ಆಮ್ಲಜನಕ ಫಿಲ್ಲಿಂಗಿನ ರೆಸಿನ್ ಗಟ್ಟಿಯಾಗಲು ಬಿಡದೆ, ಫಿಲ್ಲಿಂಗ್ ಬೇಗ ಕಿತ್ತುಬರುತ್ತದೆ.