ಲವಂಗದ ಎಣ್ಣೆ, ಕಾಲಿನ ಹುಣ್ಣು

ಪ್ರಶ್ನೆ: ಮಗಳು ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟಿನಲ್ಲಿ ತುಳಸಿಯ ಸಾರವೂ ಲವಂಗದ ಎಣ್ಣೆಯೂ ಬ್ಯಾಕ್ಟೀರಿಯಾವನ್ನು ತಡೆದವಂತೆ. ಎಣ್ಣೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಉಂಗುರವಂತೂ ಆ್ಯಂಟಿಬಯೋಟಿಕ್‌ನದಕ್ಕಿಂತ ದೊಡ್ಡದಿತ್ತಂತೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಹುಣ್ಣಾಗಿ ಮೂರು ವಾರವಾಯಿತು. ಮಾತ್ರೆ ಬಿಟ್ಟು ಈ ಎಣ್ಣೆ ಹಚ್ಚಬಹುದೆ? ಸಿದ್ಧರಬೆಟ್ಟದಿಂದ ಬೇರು ತಂದುಕೊಡುತ್ತೇವೆ ಎನ್ನುವವರೂ ಇದ್ದಾರೆ.
– ಗೃಹಿಣಿ, ಕೊರಟಗೆರೆ

ಉತ್ತರ: ಬೇಡ ತಾಯಿ. ಎಣ್ಣೆಯೂ ಬೇಡ, ಬೇರೂ ಬೇಡ. ಈ ಪುಟ ಮಡಿಸಿಟ್ಟು ಮೊದಲು ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಉಳಿದದ್ದನ್ನು ಬಂದ ಮೇಲೆ ಓದಿದರಾಯಿತು.

ಲವಂಗದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜಿನಾಲ್. ಅದು ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲಿಸಿ ಒಳಗಿನದ್ದು ಸೋರುವಂತೆ ಮಾಡುತ್ತದೆ. ಆದರೆ ರೋಗಾಣುವಿನ ಪೊರೆ ಯಾವುದು, ನಿಮ್ಮ ಯಜಮಾನರ ಚರ್ಮ ಯಾವುದು ಎಂಬ ಭೇದ ಅದಕ್ಕಿಲ್ಲ. ಹಸಿ ಹುಣ್ಣಿಗೆ ಬಿದ್ದರೆ ಸುಡುತ್ತದೆ, ಜೊತೆಗೆ ಮರಗಟ್ಟಿಸುತ್ತದೆ. ಹಲ್ಲುನೋವಿಗೆ ಲವಂಗ ಕಚ್ಚುವುದು ಅದಕ್ಕಾಗಿಯೇ ಅಲ್ಲವೆ? ಸಕ್ಕರೆ ಕಾಯಿಲೆಯವರ ಪಾದಕ್ಕೆ ಎಷ್ಟೋ ಸಲ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. ಸುಟ್ಟದ್ದು ಹೇಗೆ ಗೊತ್ತಾಗಬೇಕು?

ಇನ್ನು ಆ ಉಂಗುರದ ವಿಚಾರ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ಕಿನ ಬಿಲ್ಲೆ ಎಂದು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಇಡುತ್ತಾರಲ್ಲ, ಆ ಪುಟ್ಟ ಕಾಗದದಲ್ಲಿರುವ ಔಷಧಿ ಕೇವಲ 5 ಮೈಕ್ರೊಗ್ರಾಂ. ಪಕ್ಕದ ತೂತಿಗೆ ಮಗಳು 50 ಮೈಕ್ರೊಲೀಟರ್ ಎಣ್ಣೆ ಹಾಕಿದ್ದರೆ ಅದರ ತೂಕ ಸುಮಾರು 50 ಮಿಲಿಗ್ರಾಂ, ಎಂದರೆ ಹತ್ತು ಸಾವಿರ ಪಟ್ಟು. ಒಬ್ಬನ ಎದುರು ಇಡೀ ಊರನ್ನೇ ಕುಸ್ತಿಗೆ ಇಳಿಸಿ, ಊರೇ ಗೆದ್ದಿತು ಎಂದ ಹಾಗಾಯಿತು. ಉಂಗುರ ಚಿಕ್ಕದಾದ ಮಾತ್ರಕ್ಕೆ ಎಣ್ಣೆ ದುರ್ಬಲ ಎನ್ನುವಂತೆಯೂ ಇಲ್ಲ; ಎಣ್ಣೆ ತಟ್ಟೆಯಲ್ಲಿರುವ ನೀರಿನಂಶದ ಜೆಲ್ಲಿ, ಅಂದರೆ ಅಗರ್‌ನಲ್ಲಿ ಸಲೀಸಾಗಿ ಹರಡುವುದಿಲ್ಲ, ಒಂದಿಷ್ಟು ಗಾಳಿಗೂ ಹೋಗುತ್ತದೆ. ಉಂಗುರಕ್ಕಿಂತ ನಂಬಬಹುದಾದ ದಾರಿಯೆಂದರೆ, ಸಾಲು ಕೊಳವೆಗಳಲ್ಲಿ ಪ್ರಮಾಣವನ್ನು ಅರ್ಧರ್ಧಕ್ಕೆ ಇಳಿಸುತ್ತ ಹೋಗಿ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುವ ಕನಿಷ್ಠ ಪ್ರಮಾಣ ಹುಡುಕುವುದು.

ತುಳಸಿಯ ಬಗ್ಗೆ ನನ್ನದೇ ಅವಮಾನ ಹೇಳುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಎಲೆಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಸಾರ ತೆಗೆಸಿದ್ದೆ. ಚೊಕ್ಕವಾದ ಉಂಗುರ ಬಂತು. ಹುಡುಗರಿಗೆಲ್ಲ ಕಾಫಿ ಕೊಡಿಸಿದೆ. ಮಾರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಸರ್, ಬರೀ ಆಲ್ಕೋಹಾಲ್ ಹಾಕಿ ನೋಡಿದಿರಾ?' ಎಂದಳು. ನೋಡಿರಲಿಲ್ಲ. ಹಾಕಿದೆವು, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಉಂಗುರ.

ಮಗಳ ದುಡಿಮೆ ವ್ಯರ್ಥವೇನಲ್ಲ. ಯೂಜಿನಾಲನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ದಂತವೈದ್ಯರು ಇಂದಿಗೂ ಹಲ್ಲಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಭಾನುವಾರ ಅವಳು ಮನೆಗೆ ಬಂದಾಗ ಒಂದೇ ಮಾತು ಕೇಳಿ: ಬರೀ ಆಲ್ಕೋಹಾಲ್ ಹಾಕಿದ ತೂತು ಅವಳ ತಟ್ಟೆಯಲ್ಲಿತ್ತೆ?